ಒಬ್ಬರು ಓದಿ, ಊರೆಲ್ಲ ಕೇಳಿ

ಕಡೂರು ತಾಲ್ಲೂಕಿನ ದೇವನೂರಿನಲ್ಲಿ ಲಕ್ಷ್ಮೀರಮಣನ ಗುಡಿಯಿದೆ. ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶ ಈ ದೇವರ ಭಕ್ತ, ಇದೇ ಅವನ ಊರು ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಕವಿ ತನ್ನ ಊರನ್ನು ದೇವಪುರ ಎಂದಿರುವುದರಿಂದ ಅದು ಸುರಪುರವೇ ಇರಬೇಕೆಂದು ವಾದಿಸಿದವರೂ ಇದ್ದಾರೆ. ಆ ಜಗಳ ವಿದ್ವಾಂಸರಿಗಿರಲಿ. ನಮಗೆ ಮುಖ್ಯವಾದದ್ದು ಬೇರೆ: ಅಕ್ಷರ ಬಾರದ ಮನೆಗಳಲ್ಲೂ ಚಂದ್ರಹಾಸ, ಸುಧನ್ವ, ಬಭ್ರುವಾಹನರ ಹೆಸರು ಗೊತ್ತಿತ್ತು, ಗಂಡ ಹೇಳಿದ್ದಕ್ಕೆಲ್ಲ ತದ್ವಿರುದ್ಧ ಮಾಡುವ ಚಂಡಿಯ ಕಥೆಗೆ ಹೆಂಗಸರು ಗಂಡಸರೆನ್ನದೆ ನಗುತ್ತಿದ್ದರು. ಪುಸ್ತಕವನ್ನು ಕಣ್ಣಿನಿಂದ ನೋಡದವರಿಗೂ ಅದರ ರುಚಿ ಹತ್ತಿಸಿದ್ದು ಯಾರು?

ಗಮಕಿಗಳು. ಒಬ್ಬರು ಕಾವ್ಯ ಓದುತ್ತಾರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಗುಡಿಯ ಅಂಗಳವೋ ಮನೆಯ ಜಗಲಿಯೋ ಸಾಕು. ಶ್ರುತಿಯೊಂದಿದ್ದರೆ ಆಯಿತು, ತಾಳ ಬೇಕಿಲ್ಲ. ಪದ್ಯದ ಭಾವಕ್ಕೆ ತಕ್ಕ ರಾಗವನ್ನು ಗಮಕಿಯೇ ಆರಿಸಿಕೊಳ್ಳುತ್ತಾರೆ. ಆದರೆ ಇದು ಸಂಗೀತ ಕಚೇರಿಯಲ್ಲ. ರಾಗ ಮಾತನ್ನು ನುಂಗಿದರೆ ಹಳೆಯ ಕೇಳುಗರು ಅಲ್ಲೇ ಮುಖ ಸಿಂಡರಿಸುತ್ತಾರೆ. ಪದವನ್ನು ಎಲ್ಲಿ ಒಡೆಯಬೇಕು, ಎಲ್ಲಿ ಉಸಿರು ನಿಲ್ಲಿಸಬೇಕು, ಯಾವ ಸಾಲನ್ನು ಮತ್ತೊಮ್ಮೆ ಹೇಳಬೇಕು ಎಂಬುದರಲ್ಲೇ ವಿದ್ಯೆಯೆಲ್ಲ ಇದೆ. ಲಕ್ಷ್ಮೀಶ ಹಿಡಿದದ್ದು ಐದೈದು ಮಾತ್ರೆಯ ವಾರ್ಧಕ ಷಟ್ಪದಿ. ಅದರ ಮೂರನೆಯ ಮತ್ತು ಆರನೆಯ ಸಾಲುಗಳು ಉದ್ದ. ಕಾವ್ಯದಲ್ಲಿ 34 ಸಂಧಿಗಳಿವೆ. ಒಂದೇ ಸಲಕ್ಕೆ ಮುಗಿಯುವ ಸಂಗತಿಯಲ್ಲ. ದಿನಕ್ಕಿಷ್ಟು ಎಂದು ಓದಿಸಬೇಕು. ಇಂದಿನ ಧಾರಾವಾಹಿಯ ಹಾಗೆ ನಾಳೆಗಾಗಿ ಕಾಯುವ ಸುಖ ಅದರಲ್ಲಿತ್ತು.

ಪುಸ್ತಕ ಶಿಫಾರಸು ಮಾಡುವುದಕ್ಕೆ ಇದಕ್ಕಿಂತ ನೇರವಾದ ದಾರಿ ನನಗೆ ಹೊಳೆಯುವುದಿಲ್ಲ. ‘ಚೆನ್ನಾಗಿದೆ, ಓದಿ’ ಎಂದು ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ. ಯಾಕೆ ಚೆನ್ನಾಗಿದೆ ಎಂಬುದನ್ನು ಅಲ್ಲೇ ಓದಿ ತೋರಿಸಬೇಕು. ವ್ಯಾಖ್ಯಾನಕಾರರು ಪಾಂಡಿತ್ಯ ಮೆರೆಯಲು ಹೋದರೆ ಹಿಂದಿನ ಸಾಲು ಆಕಳಿಸುತ್ತದೆ. ಕೂಲಿಮಠದ ಐಗಳು ಹುಡುಗರಿಂದ ಜೈಮಿನಿಯನ್ನು ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲಿ ಕೇಳುಗರೇನು ಸಾಮಾನ್ಯರೇ? ತಪ್ಪಿದರೆ ತಿದ್ದುವವರು ಎದುರಿಗೇ ಕೂತಿರುತ್ತಿದ್ದರು.

ಮಳೆ ಕೈಕೊಟ್ಟಾಗ ಕುಮಾರವ್ಯಾಸನ ವಿರಾಟಪರ್ವ ಓದಿಸುವ ರೂಢಿ ಕನ್ನಡನಾಡಿನ ಹಳ್ಳಿಗಳಲ್ಲಿ ಹಳೆಯದು. ಮಲೆನಾಡಿನ ಜಿಲ್ಲೆಯೊಳಗಿದ್ದೂ ಬಯಲುಸೀಮೆಯ ಬರ ಉಣ್ಣುವ ಕಡೂರಿನವರಿಗೆ ಆ ನಂಬಿಕೆಯ ಹಿಂದಿನ ಆಸೆಯನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಬಂತೋ ಇಲ್ಲವೋ, ಊರಿನ ಕಿವಿಗೆ ಕುಮಾರವ್ಯಾಸನ ಭಾಮಿನಿ ಷಟ್ಪದಿಯಂತೂ ಬಿತ್ತು. ತರೀಕೆರೆಯಿಂದಾಚೆ, ಶಿವಮೊಗ್ಗದ ಬಳಿ ತುಂಗಾತೀರದ ಹೊಸಹಳ್ಳಿ ಇವತ್ತಿಗೂ ಗಮಕದ ಊರು. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಈ ಸೀಮೆಯಲ್ಲಿ ಕಾವ್ಯ ಕಿವಿಗಷ್ಟೇ ಅಲ್ಲ, ಕಲ್ಲಿನಲ್ಲೂ ಸಿಗುತ್ತದೆ. ತರೀಕೆರೆಯ ಹತ್ತಿರದ ಅಮೃತಾಪುರಕ್ಕೆ ಹೋದವರು ಅಮೃತೇಶ್ವರ ಗುಡಿಯ ಕಂಬಗಳ ಹೊಳಪು ನೋಡಿ ಬರುತ್ತಾರೆ. ಇನ್ನೂ ಸ್ವಲ್ಪ ನಿಲ್ಲಬೇಕು. 1196ರಲ್ಲಿ, ಎರಡನೇ ವೀರಬಲ್ಲಾಳನ ಕಾಲದಲ್ಲಿ ಎದ್ದ ಈ ಗುಡಿಯ ದೊಡ್ಡ ಶಾಸನದಲ್ಲಿರುವುದು ಕವಿ ಜನ್ನನ ಪದ್ಯಗಳು. ಅವನ ‘ಯಶೋಧರ ಚರಿತೆ’ 1209ರದ್ದು. ಅಂದರೆ ಅದಕ್ಕೂ ಮೊದಲಿನ ಜನ್ನ ಇಲ್ಲಿ ಕಲ್ಲಿನಲ್ಲಿ ಸಿಗುತ್ತಾನೆ. ಹೊರಗೋಡೆಯ ಮೇಲೆ ರಾಮಾಯಣ, ಭಾಗವತ, ಭಾರತದ ಕಥೆಗಳು ಸಾಲುಗಟ್ಟಿವೆ. ಓಲೆಗರಿ ಇಲ್ಲದವರು ಗೋಡೆ ಓದಲಿ ಎಂದಿರಬೇಕು ಶಿಲ್ಪಿ.

ಅಜ್ಜಂಪುರದ ಪಾಲು ಹೊಸಗನ್ನಡದ್ದು. ‘ನಾನು ಕೊಂದ ಹುಡುಗಿ’ ಕಥೆಯ ಆನಂದರ ನಿಜ ಹೆಸರು ಅಜ್ಜಂಪುರ ಸೀತಾರಾಂ (1902–1963). ಅಮೃತಮಹಲ್ ದನಗಳಿಂದ ಹೆಸರಾದ ಊರಿಗೆ ಸಣ್ಣಕಥೆಯಲ್ಲೂ ಹೆಸರು ತಂದವರು ಅವರು. ತರೀಕೆರೆಯ ಹೆಸರನ್ನು ಇಂದು ಹೊತ್ತು ತಿರುಗುತ್ತಿರುವವರು ರಹಮತ್ ತರೀಕೆರೆ. ಅವರ ‘ಕತ್ತಿಯಂಚಿನ ದಾರಿ’ಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಸೂಫಿಗಳನ್ನೂ ನಾಥಪಂಥವನ್ನೂ ಹುಡುಕಿಕೊಂಡು ಊರೂರು ಅಲೆದ ಇವರ ಬರಹದಲ್ಲಿ ಪುಸ್ತಕಕ್ಕೆಷ್ಟು ಬೆಲೆಯೋ ಜನರ ಬಾಯಿಮಾತಿಗೂ ಅಷ್ಟೇ.

ನಡುವೆ ವಾರಪತ್ರಿಕೆಗಳ ಕಾಲ ಬಂತು. 1965ರಲ್ಲಿ ಆರಂಭವಾದ ‘ಸುಧಾ’ ಒಂದು ಮನೆಗೆ ಬಂದರೆ ಬೀದಿಯೆಲ್ಲ ಸುತ್ತುತ್ತಿತ್ತು. ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ಹೊಲಿದು, ರಟ್ಟು ಹಾಕಿ ಕಾದಂಬರಿ ಮಾಡಿಟ್ಟುಕೊಂಡ ಗೃಹಿಣಿಯರೇ ನಮ್ಮ ಸಣ್ಣ ಊರುಗಳ ದೊಡ್ಡ ಗ್ರಂಥಪಾಲಕರು. ತ್ರಿವೇಣಿಯಾದ ಮೇಲೆ ಯಾರನ್ನು ಓದಬೇಕೆಂದು ಹೇಳುತ್ತಿದ್ದವರು ವಿಮರ್ಶಕರಲ್ಲ, ಕಾಂಪೌಂಡಿನ ಆಚೆಯ ಅಕ್ಕನೋ ಅತ್ತೆಯೋ. ದಿನಬಾಡಿಗೆಗೆ ಕಾದಂಬರಿ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಟಿ.ವಿ. ಬಂದ ಮೇಲೆ ಒಂದೊಂದಾಗಿ ಬಾಗಿಲು ಹಾಕಿಕೊಂಡವು.

ಈಗ ಉಳಿದಿರುವುದು ಸರ್ಕಾರಿ ಗ್ರಂಥಾಲಯ. 1965ರ ಗ್ರಂಥಾಲಯ ಕಾಯ್ದೆಯ ಬಲದಿಂದ ಆಸ್ತಿ ತೆರಿಗೆಯ ಜೊತೆಗೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಕಟ್ಟುತ್ತಿರುವುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಕಟ್ಟಡ, ಕುರ್ಚಿ, ಪುಸ್ತಕ ಬಂದಿವೆ. ಬರಬೇಕಾದದ್ದು ಓದಿ ಹೇಳುವವರು.

ನಿವೃತ್ತ ಮೇಷ್ಟ್ರು, ಟೀಚರಮ್ಮಂದಿರು, ರಜೆಗೆ ಊರಿಗೆ ಬಂದ ಕಾಲೇಜು ಹುಡುಗಿಯರು ತಿಂಗಳಿಗೊಂದು ಸಂಜೆ ಅಲ್ಲಿ ಕೂತು, ತಮಗೆ ಹಿಡಿಸಿದ ಪುಸ್ತಕದ ಹತ್ತು ಪುಟ ಗಟ್ಟಿಯಾಗಿ ಓದಲಿ. ಮೊದಲು ನಿಮ್ಮೂರ ಕಪಾಟಿನಲ್ಲಿ ಲಕ್ಷ್ಮೀಶ, ಆನಂದ, ರಹಮತ್ ಇದ್ದಾರೆಯೇ ನೋಡಿ. ಇಲ್ಲದಿದ್ದರೆ ಹೆಸರು ಹೇಳಿ ತರಿಸಿಕೊಡಿ ಎಂದು ಕೇಳಿ. ಕರ ಕಟ್ಟಿದವರಿಗೆ ಆ ಹಕ್ಕಿದೆ.