ಹಗ್ಗದ ಮೇಲ್ತುದಿಯವರು: ಗೇಪಿಂಗ್ ಗಿಲ್ ಪಾತಾಳಕೂಪದ ಪರಿಚಯ

ಇಂಗ್ಲೆಂಡಿನ ಉತ್ತರ ಭಾಗದಲ್ಲಿರುವ ಯಾರ್ಕ್‌ಶೈರ್ ಡೇಲ್ಸ್ ಎಂಬ ಕಣಿವೆಗಳ ಸೀಮೆಯಲ್ಲಿ, 723 ಮೀಟರ್ ಎತ್ತರದ ಇಂಗಲ್‌ಬರೋ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ, ಫೆಲ್ ಬೆಕ್ ಎಂಬ ತೊರೆ ಕುರಿ ಮೇಯುವ ಬಯಲಿನ ನಡುವೆ ಹರಿದು ಬಂದು ಒಮ್ಮೆಗೇ ನೆಲದೊಳಗೆ ಬಿದ್ದು ಕಣ್ಮರೆಯಾಗುತ್ತದೆ. ತೊರೆಯನ್ನು ನುಂಗುವ ಆ ಬಾಯಿಯ ಹೆಸರು ಗೇಪಿಂಗ್ ಗಿಲ್. ನೀರು ಸುಣ್ಣಕಲ್ಲನ್ನು ಕರಗಿಸುತ್ತ ನೆಟ್ಟಗೆ ಕೆಳಕ್ಕೆ ಕೊರೆದ, ಬಾವಿಯಂಥ ಇಂತಹ ಕೂಪಗಳನ್ನು ಆ ಸೀಮೆಯಲ್ಲಿ ಪಾಟ್‌ಹೋಲ್ ಎನ್ನುತ್ತಾರೆ. ಅಡ್ಡಲಾಗಿ ನಡೆದು ಒಳಹೋಗಬಹುದಾದ ಗುಹೆಗಿಂತ ಇದು ಬೇರೆಯಾದದ್ದು, ಏಕೆಂದರೆ ಹಗ್ಗವೋ ಏಣಿಯೋ ಇಲ್ಲದೆ ಮನುಷ್ಯರು ಇದರೊಳಗೆ ಇಳಿಯುವಂತಿಲ್ಲ. ಗೇಪಿಂಗ್ ಗಿಲ್‌ನ ಮುಖ್ಯ ಕೂಪದ ಆಳ ಸುಮಾರು 98 ಮೀಟರ್. 1999ರಲ್ಲಿ ಡರ್ಬಿಶೈರ್‌ನ ಟೈಟನ್ ಎಂಬ, 140 ಮೀಟರಿಗೂ ಹೆಚ್ಚು ಆಳದ ಭೂಗರ್ಭ ಕೂಪ ಪತ್ತೆಯಾಗುವವರೆಗೆ ಬ್ರಿಟನ್ನಿನಲ್ಲಿ ತಿಳಿದಿದ್ದ ಅತ್ಯಂತ ಆಳದ ಕೂಪ ಇದೇ ಆಗಿತ್ತು.

ಈ ಬೆಟ್ಟದ ರಚನೆಯನ್ನು ತಿಳಿದರೆ ಕೂಪ ಇಲ್ಲಿಯೇ ಏಕೆ ಹುಟ್ಟಿತೆಂಬುದು ಸ್ಪಷ್ಟವಾಗುತ್ತದೆ. ಇಂಗಲ್‌ಬರೋದ ಮೇಲ್ಭಾಗದಲ್ಲಿರುವುದು ನೀರನ್ನು ಸುಲಭವಾಗಿ ಒಳಬಿಡದ ಜೇಡುಗಲ್ಲು ಮತ್ತು ಮರಳುಗಲ್ಲಿನ ಪದರಗಳು. ಅವುಗಳ ಕೆಳಗೆ, ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಬೆಚ್ಚನೆಯ ಆಳವಿಲ್ಲದ ಕಡಲಿನಲ್ಲಿ ಚಿಪ್ಪುಜೀವಿಗಳ ಅವಶೇಷಗಳು ಶೇಖರವಾಗಿ ಗಟ್ಟಿಗೊಂಡ ಸುಣ್ಣಕಲ್ಲಿನ ದಪ್ಪ ಹಾಸು ಇದೆ. ಮಳೆನೀರು ಮೇಲಿನ ಪದರಗಳ ಮೇಲೆಯೂ, ಅರೆಕೊಳೆತ ಸಸ್ಯರಾಶಿಯಿಂದಾದ ಪೀಟ್ ಎಂಬ ಕಪ್ಪು ಮಣ್ಣಿನ ಮೇಲೆಯೂ ಹರಿಯುವಾಗ ಆಮ್ಲಗುಣವನ್ನು ಪಡೆಯುತ್ತದೆ, ಮತ್ತು ಸುಣ್ಣಕಲ್ಲಿನ ಅಂಚಿಗೆ ಬಂದೊಡನೆ ಅದರ ಬಿರುಕುಗಳನ್ನು ಹಿಡಿದು ಕಲ್ಲನ್ನು ಕರಗಿಸುತ್ತ ಒಳಗಿಳಿಯುತ್ತದೆ. ಆದ್ದರಿಂದ ಬೆಟ್ಟದ ಸುತ್ತ ಈ ಎರಡು ಬಗೆಯ ಕಲ್ಲುಗಳು ಕೂಡುವ ಗೆರೆಯ ಉದ್ದಕ್ಕೂ ತೊರೆಗಳು ಒಂದೊಂದಾಗಿ ನೆಲದೊಳಗೆ ಹೋಗುತ್ತವೆ. ಗೇಪಿಂಗ್ ಗಿಲ್ ಅವುಗಳಲ್ಲಿ ಅತ್ಯಂತ ದೊಡ್ಡದು. ಕೂಪದ ತಳದಲ್ಲಿರುವ ಮಹಾಕೋಣೆ ಸುಮಾರು 130 ಮೀಟರ್ ಉದ್ದ, 25 ಮೀಟರ್ ಅಗಲವಿದ್ದು 30 ಮೀಟರಿನಷ್ಟು ಎತ್ತರವಿದೆ. ಚಾವಣಿಯ ನಡುವಿನ ರಂಧ್ರದಿಂದ ಬೆಳಕೂ ನೀರೂ ಒಟ್ಟಿಗೆ ಒಳಕ್ಕೆ ಇಳಿಯುತ್ತವೆ, ಬಿದ್ದ ನೀರು ನೆಲದ ಗುಂಡುಗಲ್ಲುಗಳ ನಡುವೆ ಇಂಗಿಹೋಗುತ್ತದೆ.

ಇದರೊಳಗೆ ಇಳಿಯಲು ನಡೆದ ದಾಖಲಾದ ಮೊದಲ ಪ್ರಯತ್ನ 1842ರದು ಎಂದು ಹೇಳಲಾಗುತ್ತದೆ. ಸಮೀಪದ ಸೆಟಲ್ ಪಟ್ಟಣದ ಬ್ಯಾಂಕು ಮನೆತನದ ಜಾನ್ ಬರ್ಕ್‌ಬೆಕ್ ಎಂಬಾತ, ಮೇಲಿನಿಂದ ಸುರಿಯುವ ನೀರಿದ್ದರೆ ಇಳಿಯುವುದು ಅಸಾಧ್ಯವೆಂದು ಅರಿತು, ತೊರೆಯನ್ನು ಬೇರೆಡೆಗೆ ತಿರುಗಿಸಲು ಬಯಲಿನಲ್ಲಿ ಉದ್ದನೆಯ ಕಾಲುವೆಯೊಂದನ್ನು ತೋಡಿಸಿದನು. ಅನಂತರ ಹಗ್ಗದಿಂದ ಇಳಿದು ಸುಮಾರು 190 ಅಡಿ ಆಳದಲ್ಲಿ ಗೋಡೆಯಿಂದ ಚಾಚಿಕೊಂಡಿರುವ ಕಲ್ಲಿನ ಅಂಚೊಂದನ್ನು ಮುಟ್ಟಿ ಅಲ್ಲಿಂದಲೇ ಹಿಂದಿರುಗಿದನು. ಆ ಅಂಚಿಗೆ ಇಂದಿಗೂ ಅವನ ಹೆಸರೇ ಇದೆ.

ಐವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ತಳವನ್ನು ಮುಟ್ಟಿದವನು ಫ್ರಾನ್ಸಿನಿಂದ ಬಂದ ಎದುವಾರ್ ಆಲ್ಫ್ರೆದ್ ಮಾರ್ತೆಲ್. 1859ರಲ್ಲಿ ಜನಿಸಿದ ಮಾರ್ತೆಲ್ ವೃತ್ತಿಯಲ್ಲಿ ಪ್ಯಾರಿಸ್ಸಿನ ವಕೀಲ. ಆದರೆ ಗುಹೆಗಳನ್ನು ಕುತೂಹಲದ ವಸ್ತುಗಳಾಗಿ ನೋಡುವುದನ್ನು ಬಿಟ್ಟು, ಅಳೆದು, ನಕ್ಷೆ ಬರೆದು, ನೀರಿನ ಹರಿವನ್ನು ಗುರುತಿಸಿ, ವಿಜ್ಞಾನದ ಒಂದು ಶಾಖೆಯಾಗಿ ಕಟ್ಟಿದವರಲ್ಲಿ ಅವನು ಅಗ್ರಗಣ್ಯ. 1889ರಲ್ಲಿ ಫ್ರಾನ್ಸಿನ ಪಾದಿರಾಕ್ ಕೂಪಕ್ಕೆ ಇಳಿದು ಅದರ ತಳದ ನದಿಯಲ್ಲಿ ಮಡಚುವ ಕ್ಯಾನ್ವಾಸ್ ದೋಣಿಯನ್ನು ನಡೆಸಿದ್ದನು. 1895ರಲ್ಲಿ ಗುಹಾಶಾಸ್ತ್ರದ ಸಂಘವೊಂದನ್ನು ಪ್ಯಾರಿಸ್ಸಿನಲ್ಲಿ ಸ್ಥಾಪಿಸಿದನು. ಅದೇ ವರ್ಷ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಭೂಗೋಳ ಸಮ್ಮೇಳನ ನಡೆದಾಗ ಅಲ್ಲಿಗೆ ಬಂದವನು ಯಾರ್ಕ್‌ಶೈರಿನ ಈ ಬಾಯಿಯನ್ನು ನೋಡದೆ ಮರಳಲು ಒಪ್ಪಲಿಲ್ಲ. ಬೆಟ್ಟದ ಬುಡದ ಕ್ಲಾಪಮ್ ಹಳ್ಳಿಯನ್ನೂ ಸುತ್ತಲಿನ ಭೂಮಿಯನ್ನೂ ಒಡೆತನದಲ್ಲಿಟ್ಟುಕೊಂಡಿದ್ದ ಫೆರರ್ ಮನೆತನ ನೆರವು ನೀಡಿತು. ನೀರನ್ನು ತಿರುಗಿಸುವ ವ್ಯವಸ್ಥೆಯಾಯಿತು, ಹಗ್ಗಗಳನ್ನು ಹಿಡಿಯಲು ಜನ ಸೇರಿದರು.

1895ರ ಆಗಸ್ಟ್ 1ರಂದು ನಡೆದ ಆ ಇಳಿತದಲ್ಲಿ ಮೂರು ಸಾಧನಗಳು ಒಟ್ಟಾಗಿ ಕೆಲಸ ಮಾಡಿದವು, ಮತ್ತು ಮೂರರ ಕೆಲಸವೂ ಬೇರೆಬೇರೆಯಾಗಿತ್ತು. ಮೊದಲನೆಯದು ಹಗ್ಗದ ಏಣಿ. ಮರದ ಮೆಟ್ಟಿಲುಗಳನ್ನು ಎರಡು ಹಗ್ಗಗಳ ನಡುವೆ ಕಟ್ಟಿ ಮಾಡಿದ ಇದು ಇಳಿಯುವವನ ಭಾರವನ್ನು ಹೊರುತ್ತದೆ. ಎರಡನೆಯದು ರಕ್ಷಣೆಯ ಹಗ್ಗ. ಇದನ್ನು ಇಳಿಯುವವನ ಸೊಂಟಕ್ಕೆ ಬಿಗಿದು ಮೇಲಿರುವವರು ಹಿಡಿದುಕೊಂಡು, ಅವನು ಇಳಿದಷ್ಟೇ ಸಡಿಲಿಸುತ್ತಾರೆ, ಕೈ ಜಾರಿದರೆ ತಡೆಯುತ್ತಾರೆ. ಮೂರನೆಯದು ದೂರವಾಣಿ. ಅಲೆಕ್ಸಾಂಡರ್ ಗ್ರಹಾಂ ಬೆಲ್ ದೂರವಾಣಿಗೆ ಪೇಟೆಂಟ್ ಪಡೆದು ಆಗಿನ್ನೂ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಇಂಗ್ಲೆಂಡಿನ ಹಳ್ಳಿಗಾಡಿನ ಬಹುಪಾಲು ಮನೆಗಳು ಅದನ್ನು ಕಂಡೇ ಇರಲಿಲ್ಲ. ಆ ಉಪಕರಣವನ್ನು ಮಾರ್ತೆಲ್ ತನ್ನ ಜೊತೆಗೆ ಒಯ್ದು, ತಂತಿಯನ್ನು ಕೂಪದೊಳಕ್ಕೆ ಎಳೆದುಕೊಂಡು ಇಳಿದನು. ನೀರಿನ ಭೋರ್ಗರೆತದಲ್ಲಿ ಕೂಗಿದ ಮಾತು ಕೆಲವು ಅಡಿಗಳಾಚೆಗೆ ಕೇಳುವುದಿಲ್ಲ, ಅಂಚಿನಾಚೆ ಹೋದವನು ಮೇಲಿನವರ ಕಣ್ಣಿಗೂ ಬೀಳುವುದಿಲ್ಲ. ಹಗ್ಗ ಹಿಡಿದವನಿಗೆ ಕೆಳಗಿನವನು ನಿಂತಿದ್ದಾನೋ, ಇಳಿಯುತ್ತಿದ್ದಾನೋ, ಸಿಕ್ಕಿಕೊಂಡಿದ್ದಾನೋ ತಿಳಿಯಲು ಅಂಗೈಯಲ್ಲಿ ಹಗ್ಗದ ಬಿಗಿತವೊಂದೇ ಗುರುತು. ಇಂತಹ ಸ್ಥಿತಿಯಲ್ಲಿ ಕೂಪದ ಎರಡು ತುದಿಗಳ ನಡುವೆ ಮಾತಿನ ಸಂಪರ್ಕವನ್ನು ತಂದದ್ದು ಮಾರ್ತೆಲ್‌ನ ಮುಖ್ಯವಾದ ಕೊಡುಗೆ ಎನ್ನಬೇಕು. ಅವನ ಧೈರ್ಯವನ್ನು ಕುರಿತು ಬರೆದಷ್ಟು ಈ ವಿಚಾರವನ್ನು ಕುರಿತು ಬರೆದವರು ಕಡಿಮೆ.

ಬರ್ಕ್‌ಬೆಕ್‌ನ ಅಂಚನ್ನು ತಲುಪಿದಾಗ ಮೇಲಿನಿಂದ ಇಳಿಬಿಟ್ಟಿದ್ದ ಏಣಿಯ ಉಳಿದ ಭಾಗ ಅಲ್ಲಿಯೇ ಸಿಕ್ಕುಸಿಕ್ಕಾಗಿ ಬಿದ್ದಿತ್ತು. ಮಾರ್ತೆಲ್ ಅದನ್ನು ಬಿಡಿಸಿ ಕೆಳಕ್ಕೆ ತಳ್ಳಿ ಮುಂದುವರಿಯಬೇಕಾಯಿತು. ಅಂಚಿನಿಂದ ಕೆಳಗೆ ಸ್ವಲ್ಪ ದೂರದ ಬಳಿಕ ಗೋಡೆಗಳು ಸುತ್ತಲೂ ಹಿಂದೆ ಸರಿಯುತ್ತವೆ, ಏಣಿ ಕಲ್ಲಿನ ಆಸರೆಯಿಲ್ಲದೆ ಮಹಾಕೋಣೆಯ ಚಾವಣಿಯಿಂದ ಬಯಲಿನಲ್ಲಿ ತೂಗುತ್ತದೆ, ಅದರ ಮೇಲಿರುವವನು ತಿರುಗತೊಡಗುತ್ತಾನೆ. ಅದುವರೆಗೆ ಯಾವ ಮನುಷ್ಯನೂ ನೋಡಿರದ ಆ ನೆಲದ ಮೇಲೆ ಕಾಲಿಟ್ಟವನು ಕೋಣೆಯನ್ನು ಸುತ್ತಿ, ರೇಖಾಚಿತ್ರ ಬರೆದು, ಅಳತೆಯ ಅಂದಾಜು ಮಾಡಿ, ಮತ್ತೆ ಅದೇ ಏಣಿಯನ್ನು ಹತ್ತಿ ಹೊರಬಂದನು. 1897ರಲ್ಲಿ ಪ್ರಕಟವಾದ, ಐರ್ಲೆಂಡ್ ಮತ್ತು ಇಂಗ್ಲೆಂಡಿನ ಗುಹೆಗಳನ್ನು ಕುರಿತ ಅವನ ಫ್ರೆಂಚ್ ಗ್ರಂಥ ಆ ಪ್ರವಾಸದ ಫಲ.

ಈ ಇಳಿತದಿಂದ ನಿರಾಸೆಗೊಂಡವರೂ ಇದ್ದರು. 1892ರಲ್ಲಿ ಸ್ಥಾಪನೆಯಾದ ಯಾರ್ಕ್‌ಶೈರ್ ರ‍್ಯಾಂಬ್ಲರ್ಸ್ ಕ್ಲಬ್ಬಿನ ಎಡ್ವರ್ಡ್ ಕಾಲ್ವರ್ಟ್ ತಾನೇ ಮೊದಲಿಗನಾಗಬೇಕೆಂದು ಸಿದ್ಧತೆ ನಡೆಸಿದ್ದನು. ಮಾರನೆಯ ವರ್ಷ, 1896ರಲ್ಲಿ, ಕೈರಾಟೆಯನ್ನೂ ಹಡಗಿನ ಕೆಲಸಗಾರರು ಬಳಸುವಂಥ ತೂಗುಹಲಗೆಯನ್ನೂ ಅಳವಡಿಸಿ ಅವನೂ ಅವನ ಸಂಗಡಿಗರೂ ತಳಕ್ಕಿಳಿದರು. ಇತಿಹಾಸದ ಪುಟದಲ್ಲಿ ಎರಡನೆಯ ಸ್ಥಾನ ಸಿಕ್ಕರೂ, ಮುಂದಿನ ಪೀಳಿಗೆಗಳು ಅನುಸರಿಸಿದ್ದು ಕಾಲ್ವರ್ಟ್‌ನ ಮಾರ್ಗವನ್ನೇ. ಮಹಾಕೋಣೆಯಿಂದ ಕವಲೊಡೆಯುವ ಸುರಂಗಗಳನ್ನು ಸ್ಥಳೀಯ ಸಂಘಗಳು ದಶಕಗಳ ಕಾಲ ತಡಕಿ ನಕ್ಷೆಗಿಳಿಸಿದವು, ಬಾರ್ ಪಾಟ್, ಡಿಸಪಾಯಿಂಟ್‌ಮೆಂಟ್ ಪಾಟ್, ಫ್ಲಡ್ ಎಂಟ್ರನ್ಸ್ ಮುಂತಾದ ಬೇರೆ ದ್ವಾರಗಳು ತೆರೆದುಕೊಂಡವು. ನೆಲದಲ್ಲಿ ಇಂಗಿದ ನೀರು, 1837ರಲ್ಲಿ ಜನರಿಗೆ ತೆರೆದುಕೊಂಡ ಇಂಗಲ್‌ಬರೋ ಗುಹೆಯ ಪಕ್ಕದಲ್ಲಿ ಮತ್ತೆ ಹೊರಬರುತ್ತದೆಂಬುದು ಮೊದಲೇ ಗೊತ್ತಿದ್ದರೂ, ಮನುಷ್ಯರು ಆ ದಾರಿಯನ್ನು ಹಾದದ್ದು 1983ರಲ್ಲಿ. ಜೆಫ್ ಯೇಡನ್ ಮತ್ತು ಜೆಫ್ ಕ್ರಾಸ್ಲಿ ಎಂಬ ಇಬ್ಬರು ಗುಹಾಮುಳುಗುಗಾರರು ನೀರು ತುಂಬಿದ ಸುರಂಗಗಳ ಮೂಲಕ ಎರಡನ್ನೂ ಕೂಡಿಸಿದರು.

ಏಣಿಯ ಕಾಲದಲ್ಲಿ ಪಾಟ್‌ಹೋಲ್ ಇಳಿಯುವುದು ಗುಂಪಿನ ಕೆಲಸವಾಗಿತ್ತು. ಫ್ರಾನ್ಸಿನ ರೊಬೇರ್ ದ ಜೋಲಿ ಉಕ್ಕಿನ ತಂತಿ ಮತ್ತು ಅಲ್ಯೂಮಿನಿಯಂ ಮೆಟ್ಟಿಲುಗಳ ಹಗುರವಾದ ಏಣಿಯನ್ನು 1930ರ ದಶಕದಲ್ಲಿ ಬಳಕೆಗೆ ತಂದ ಮೇಲೆ ಹೊರೆ ಕಡಿಮೆಯಾಯಿತಾದರೂ, ರಕ್ಷಣೆಯ ಹಗ್ಗ ಹಿಡಿಯುವವರ ಅಗತ್ಯ ಹೋಗಲಿಲ್ಲ. ತಣ್ಣನೆಯ ಗಾಳಿಯಲ್ಲಿ, ಒದ್ದೆ ಬಟ್ಟೆಯಲ್ಲಿ, ಗಂಟೆಗಟ್ಟಲೆ ಅಂಚಿನಲ್ಲಿ ಕುಳಿತು, ಸೀಟಿಯ ಸದ್ದಿಗೆ ಕಿವಿಗೊಟ್ಟಿರುವುದು ಅವರ ಪಾಲಿನ ಕೆಲಸ. ಒಂದು ಸೀಟಿಗೆ ನಿಲ್ಲಿಸುವುದು, ಎರಡಕ್ಕೆ ಮೇಲೆಳೆಯುವುದು, ಮೂರಕ್ಕೆ ಇಳಿಬಿಡುವುದು ಎಂಬುದು ಬ್ರಿಟನ್ನಿನ ಗುಹಾಸಂಚಾರಿಗಳಲ್ಲಿ ರೂಢಿಯಾದ ಸಂಕೇತ. ಎಲ್ಲರೂ ಕೆಳಗಿಳಿಯುವ ಅವಕಾಶವಿರಲಿಲ್ಲ. ಕೂಪದ ತಳವನ್ನು ನೋಡದೆಯೇ ದಿನವಿಡೀ ಹಗ್ಗ ಹಿಡಿದು ಮನೆಗೆ ಮರಳಿದವರಿಂದಲೇ ಬೇರೆಯವರು ತಳವನ್ನು ನೋಡಲು ಸಾಧ್ಯವಾಯಿತು.

ಇಂದು ಪ್ರಚಲಿತವಿರುವ ಒಂಟಿಹಗ್ಗದ ವಿಧಾನ ಈ ವ್ಯವಸ್ಥೆಯನ್ನು ಬದಲಿಸಿತು. ಅಮೆರಿಕದ ಆಗ್ನೇಯ ರಾಜ್ಯಗಳ ಗುಹೆಗಳಲ್ಲಿ 1950ರ ದಶಕದಿಂದಲೂ, ಫ್ರಾನ್ಸಿನಲ್ಲಿ ಬೇರೊಂದು ರೀತಿಯಲ್ಲಿಯೂ ಬೆಳೆದು, 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹರಡಿದ ಇದರಲ್ಲಿ, ನೈಲಾನಿನ ಹೆಚ್ಚು ಹಿಗ್ಗದ ಒಂದೇ ಹಗ್ಗವನ್ನು ಬಂಡೆಯನ್ನು ಕೊರೆದು ಕೂರಿಸಿದ ಲೋಹದ ಕೊಂಡಿಗಳಿಗೆ ಕಟ್ಟಿ ಇಳಿಬಿಡುತ್ತಾರೆ. ಇಳಿಯುವವನ ಸೊಂಟಪಟ್ಟಿಗೆ ಸಿಕ್ಕಿಸಿದ ಉಪಕರಣದ ಎರಡು ಗುಂಡಾಕಾರದ ತುಂಡುಗಳ ನಡುವೆ ಹಗ್ಗ ಅಂಕುಡೊಂಕಾಗಿ ಹಾದುಹೋಗುತ್ತದೆ, ಆ ತಿಕ್ಕಾಟವೇ ವೇಗವನ್ನು ಹಿಡಿತದಲ್ಲಿಡುತ್ತದೆ. ಹತ್ತುವಾಗ ಎದೆಯ ಬಳಿ ಒಂದು, ಕೈಯಲ್ಲಿ ಒಂದು, ಹೀಗೆ ಎರಡು ಹಿಡಿಕೆಗಳು ಬೇಕು. ಇವು ಹಗ್ಗದ ಮೇಲೆ ಮೇಲ್ಮುಖವಾಗಿ ಜಾರುತ್ತವೆ, ಕೆಳಮುಖವಾಗಿ ಭಾರ ಬಿದ್ದೊಡನೆ ಹಲ್ಲೂರಿ ಕಚ್ಚಿಕೊಳ್ಳುತ್ತವೆ. ಕೈಹಿಡಿಕೆಗೆ ಕಟ್ಟಿದ ಪಾದದ ಕುಣಿಕೆಯಲ್ಲಿ ಎದ್ದು ನಿಂತು, ಎದೆಯ ಹಿಡಿಕೆಯ ಮೇಲೆ ಕುಳಿತು, ಮತ್ತೆ ಕೈಯನ್ನು ಮೇಲೆತ್ತುತ್ತ ಹತ್ತುವ ಈ ಕ್ರಮವನ್ನು ಕಪ್ಪೆಯ ಕ್ರಮ ಎನ್ನುತ್ತಾರೆ. ಇಲ್ಲಿ ಅಪಾಯವಿರುವುದು ಹಗ್ಗ ಬಂಡೆಗೆ ಉಜ್ಜುವಲ್ಲಿ: ಹತ್ತುವವನ ಪ್ರತಿಯೊಂದು ಕುಲುಕಿಗೂ ಹಗ್ಗ ಒಂದೇ ಜಾಗದಲ್ಲಿ ಗರಗಸದ ಮೇಲೆ ಆಡಿದಂತೆ ಆಡುತ್ತದೆ. ಅದನ್ನು ತಪ್ಪಿಸಲು ಉಜ್ಜುವ ಜಾಗದ ಬಳಿ ಹೊಸ ಕೊಂಡಿ ಹಾಕಿ ಹಗ್ಗವನ್ನು ಮತ್ತೆ ಕಟ್ಟುತ್ತಾರೆ. ಅಂತಹ ಪ್ರತಿಯೊಂದು ಜಾಗದಲ್ಲಿಯೂ ಇಳಿಯುವವನು ತೂಗುತ್ತಿರುವಾಗಲೇ ತನ್ನ ಉಪಕರಣವನ್ನು ಹಗ್ಗದ ಒಂದು ಭಾಗದಿಂದ ಇನ್ನೊಂದಕ್ಕೆ ಬದಲಿಸಿಕೊಳ್ಳಬೇಕು. ಇಷ್ಟನ್ನು ಕಲಿತವನಿಗೆ ಮೇಲಿನಿಂದ ಹಗ್ಗ ಹಿಡಿಯುವವರ ಹಂಗಿಲ್ಲ, ನಾಲ್ಕಾರು ಜನರೇ ಆಳವಾದ ಕೂಪವೊಂದನ್ನು ಇಳಿದು ಬರಬಲ್ಲರು. ಇದರಿಂದ ಜಗತ್ತಿನ ಅತಿ ಆಳದ ಗುಹೆಗಳು ತೆರೆದುಕೊಂಡವು ಎಂಬುದು ನಿಜ. ಹಗ್ಗದ ಮೇಲ್ತುದಿಯಲ್ಲಿ ಕಾಯುವ ವಿದ್ಯೆಯನ್ನು ಹೊಸಬರು ಕಲಿಯುವ ಸಂದರ್ಭಗಳು ಕಡಿಮೆಯಾದವು ಎಂಬುದೂ ನಿಜ.

ಆ ವಿದ್ಯೆ ಗೇಪಿಂಗ್ ಗಿಲ್‌ನಲ್ಲಿ ಇನ್ನೂ ಉಳಿದಿರುವುದು ವರ್ಷಕ್ಕೆ ಎರಡು ಬಾರಿ ನಡೆಯುವ ವಿಂಚ್ ಮೇಳದಲ್ಲಿ. ವಿಂಚ್ ಎಂದರೆ ಉಕ್ಕಿನ ತಂತಿಹಗ್ಗವನ್ನು ಸುತ್ತಿ ಬಿಡುವ ಯಂತ್ರರಾಟೆ. ಮೇ ತಿಂಗಳ ಕೊನೆಯ ರಜೆಯ ಆಸುಪಾಸಿನಲ್ಲಿ ಬ್ರಾಡ್‌ಫರ್ಡ್ ಪಾಟ್‌ಹೋಲ್ ಕ್ಲಬ್ಬು, ಆಗಸ್ಟ್ ಕೊನೆಯ ರಜೆಯ ಆಸುಪಾಸಿನಲ್ಲಿ ಕ್ರೇವನ್ ಪಾಟ್‌ಹೋಲ್ ಕ್ಲಬ್ಬು, ಬೆಟ್ಟದ ಮೇಲೆ ಡೇರೆ ಹಾಕಿ, ತೊರೆಗೆ ತಾತ್ಕಾಲಿಕ ಒಡ್ಡು ಕಟ್ಟಿ ನೀರನ್ನು ಪಕ್ಕಕ್ಕೆ ತಿರುಗಿಸಿ, ಕೂಪದ ಬಾಯಿಗೆ ಅಟ್ಟಣೆ ಚಾಚಿ, ಒಬ್ಬರು ಕೂರುವ ಕುರ್ಚಿಯನ್ನು ತೂಗುಬಿಡುತ್ತವೆ. ಕ್ಲಾಪಮ್ ಹಳ್ಳಿಯಿಂದ ಟ್ರೋ ಗಿಲ್ ಎಂಬ ಒಣಕಮರಿಯನ್ನು ಹಾದು ಬೆಟ್ಟ ಹತ್ತಿ ಬರುವ ಸಾಮಾನ್ಯ ಜನರು, ಗಂಟು ಹಾಕಲೂ ಬಾರದವರು, ಶುಲ್ಕ ತೆತ್ತು ಆ ಕುರ್ಚಿಯಲ್ಲಿ ಕುಳಿತು ಒಂದೆರಡು ನಿಮಿಷದಲ್ಲಿ ಮಹಾಕೋಣೆಯ ನೆಲಕ್ಕಿಳಿಯುತ್ತಾರೆ. ಇಳಿಯುವುದು ಉಚಿತ, ಹಣ ಕೊಡಬೇಕಾದದ್ದು ಮೇಲೆ ಬರುವುದಕ್ಕೆ ಎಂಬ ಮಾತು ಆ ಮೇಳದಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ರಾಟೆ ನಡೆಸುವವರು, ಕುರ್ಚಿಯ ಅಡ್ಡಪಟ್ಟಿಯನ್ನು ಭದ್ರಪಡಿಸುವವರು, ಕೆಳಗಿಳಿದವರ ಲೆಕ್ಕವಿಟ್ಟು ಸಂಜೆ ಎಲ್ಲರೂ ಹಿಂದಿರುಗಿದರೆಂದು ಖಚಿತಪಡಿಸಿಕೊಳ್ಳುವವರು, ತಳದಲ್ಲಿ ದೀಪ ಹಿಡಿದು ದಾರಿ ತೋರುವವರು, ಇವರಾರೂ ಸಂಬಳದವರಲ್ಲ. ತಮ್ಮ ವರ್ಷದ ರಜೆಯನ್ನು ಇದಕ್ಕಾಗಿ ಎತ್ತಿಟ್ಟವರು. ಬೆಟ್ಟದ ಮೇಲೆ ಮಳೆ ಜೋರಾದರೆ ಫೆಲ್ ಬೆಕ್ ಬೇಗನೆ ಉಕ್ಕುತ್ತದೆ, ಒಡ್ಡು ತಡೆಯಲಾರದ ನೀರು ಕೂಪಕ್ಕೆ ನುಗ್ಗುತ್ತದೆ, ಆಗ ದೂರದಿಂದ ಬಂದವರನ್ನು ಕಾಯಿಸಬೇಕಾದ, ಕೆಲವೊಮ್ಮೆ ಹಿಂದಕ್ಕೆ ಕಳಿಸಬೇಕಾದ ಕಷ್ಟದ ಕೆಲಸವೂ ಇವರದೇ.

ಕ್ಲಾಪಮ್ ಹಳ್ಳಿಯಲ್ಲಿಯೇ, 1935ರಲ್ಲಿ ಸ್ಥಾಪನೆಯಾದ ಕೇವ್ ರೆಸ್ಕ್ಯೂ ಆರ್ಗನೈಸೇಶನ್ ಎಂಬ ಗುಹಾರಕ್ಷಣಾ ಸಂಸ್ಥೆಯ ನೆಲೆಯಿದೆ. ನೆಲದೊಳಗೆ ಸಿಕ್ಕಿಬಿದ್ದವರನ್ನು ಹೊರತರಲೆಂದೇ ಕಟ್ಟಿದ ಸಂಸ್ಥೆಗಳಲ್ಲಿ ಇದು ಜಗತ್ತಿನಲ್ಲೇ ಮೊದಲನೆಯದು, ಅದನ್ನು ನಡೆಸುವವರೂ ಸ್ವಯಂಸೇವಕರೇ. ಹಗ್ಗ ಹಿಡಿಯುವ ಸಂಪ್ರದಾಯ ಬೇರೂರಿದ್ದ ನೆಲದಲ್ಲಿ ಅಂತಹ ಸಂಸ್ಥೆ ಹುಟ್ಟಿದ್ದು ಆಕಸ್ಮಿಕವೆಂದು ತೋರುವುದಿಲ್ಲ.

ಮೇಳಗಳು ಮುಗಿದ ಮೇಲೆ ಅಟ್ಟಣೆಯನ್ನು ಬಿಚ್ಚುತ್ತಾರೆ, ಒಡ್ಡನ್ನು ತೆಗೆದು ತೊರೆಯನ್ನು ಅದರ ಪಾತ್ರಕ್ಕೆ ಬಿಡುತ್ತಾರೆ. ವರ್ಷದ ಉಳಿದ ತಿಂಗಳುಗಳಲ್ಲಿ ಅಲ್ಲಿಗೆ ಬರುವವರು ಒಂಟಿಹಗ್ಗದವರು. ಅವರು ಕೊಂಡಿಗಳಿಗೆ ಹಗ್ಗ ಕಟ್ಟಿ, ಬಾಯಿಯ ಬಳಿ ಯಾರನ್ನೂ ನಿಲ್ಲಿಸದೆ, ಒಬ್ಬರ ಹಿಂದೊಬ್ಬರು ಇಳಿದು ಹೋಗುತ್ತಾರೆ. ಇಳಿಯುವ ದಾರಿಯಲ್ಲಿ ಬರ್ಕ್‌ಬೆಕ್‌ನ ಹೆಸರು ಹೊತ್ತ ಅಂಚು ಸಿಗುತ್ತದೆ, ತಳದಲ್ಲಿ ಮಾರ್ತೆಲ್‌ನನ್ನು ನೆನೆಯದವರಿಲ್ಲ. ಅಂದು ಕಾಲುವೆಯನ್ನು ತೋಡಿದ, 1895ರ ಆ ದಿನ ಹಗ್ಗ ಹಿಡಿದು ನಿಂತಿದ್ದ ಕೈಗಳ ಹೆಸರನ್ನು ಮಾತ್ರ ಆ ಕೂಪದ ಯಾವ ಕಲ್ಲಿಗೂ ಇಟ್ಟಿಲ್ಲ.