ಕುಸ್ವಾರ್ ತಟ್ಟೆಯ ಜೊತೆಗೊಂದು ಪರಿಮಳದ ಮೇಣದ ಬತ್ತಿ

ಡಿಸೆಂಬರ್ ಬಂತೆಂದರೆ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕಿಡಿಯೊ, ನೆವ್ರ್ಯೊ, ಗುಳಿಯೊ ಕರಿಯುವ ಸಡಗರ. ನೆರೆಹೊರೆಯವರಿಗೆ ಕುಸ್ವಾರ್ ಹಂಚುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಅದರ ಜೊತೆಗೆ ಮನೆಯಲ್ಲೇ ತಯಾರಿಸಿದ ಪರಿಮಳದ ಮೇಣದ ಬತ್ತಿಯನ್ನೂ ಕೊಡಬಹುದು. ಸಕ್ಕರೆ ಕಾಯಿಲೆಯಿಂದಾಗಿ ಸಿಹಿ ಬಿಟ್ಟಿರುವ ಹಿರಿಯರಿಗಂತೂ ಇದು ಒಳ್ಳೆಯ ಉಡುಗೊರೆ. ತಯಾರಿ ಕಷ್ಟವಲ್ಲ, ಆದರೆ ನಾವು ಕೊಡುತ್ತಿರುವುದು ಇನ್ನೊಬ್ಬರ ಮನೆಯೊಳಗೆ ಉರಿಯುವ ವಸ್ತು ಎಂಬುದು ನೆನಪಿರಲಿ.

ಸುಲಭವಾಗಿ ಸಿಗುವುದು ಪ್ಯಾರಾಫಿನ್ ಮೇಣ. ಇದು ಸುಮಾರು 55ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಜೇನುಮೇಣ ದುಬಾರಿ, ಅದಕ್ಕೆ ತನ್ನದೇ ಪರಿಮಳ ಇರುವುದರಿಂದ ಬೇರೇನೂ ಸೇರಿಸಬೇಕಾಗಿಲ್ಲ. ತೆಂಗಿನೆಣ್ಣೆ ಸೇರಿಸಿದರೆ ಅಗ್ಗವಾದೀತೆಂದು ಕೆಲವರು ಯೋಚಿಸುವುದುಂಟು. ಅದು 24 ಡಿಗ್ರಿಯಲ್ಲೇ ಕರಗುತ್ತದೆ. ನಮ್ಮ ಊರಿನ ಸೆಕೆಯಲ್ಲಿ ಅಂಥ ಬತ್ತಿ ಗಟ್ಟಿಯಾಗಿ ನಿಲ್ಲದು.

ಒಂದು ಕಿಲೋ ಮೇಣದಿಂದ ಸಾಧಾರಣ 200 ಮಿಲಿಲೀಟರಿನ ಆರು ಗ್ಲಾಸು ತುಂಬಬಹುದು. ಗ್ಲಾಸು ದಪ್ಪವಾಗಿರಲಿ, ಒಳಗೆ ನೀರಿನ ಪಸೆ ಇರಬಾರದು. ನಾನು ಮೊದಲ ಬಾರಿ ಮಾಡಿದಾಗ ಚೆಂದ ಕಂಡಿತೆಂದು ತೆಳು ಗಾಜಿನ ಲೋಟ ಬಳಸಿದ್ದೆ. ಬಿಸಿ ಮೇಣ ಹೊಯ್ದ ಕೂಡಲೇ ಬಿರುಕು ಬಿಟ್ಟು ಮೇಜೆಲ್ಲ ಮೇಣವಾಯಿತು. ಈಗ ಗ್ಲಾಸುಗಳನ್ನು ಸ್ವಲ್ಪ ಬೆಚ್ಚಗೆ ಮಾಡಿಯೇ ಹೊಯ್ಯುತ್ತೇನೆ.

ಮೇಣವನ್ನು ನೇರವಾಗಿ ಗ್ಯಾಸಿನ ಉರಿಯ ಮೇಲೆ ಎಂದೂ ಇಡಬೇಡಿ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಸಣ್ಣ ಪಾತ್ರೆಯಿಟ್ಟು ಕರಗಿಸಬೇಕು. ನೀರು 100 ಡಿಗ್ರಿ ಮೀರುವುದಿಲ್ಲ, ಆದ್ದರಿಂದ ಮೇಣವೂ ಮೀರುವುದಿಲ್ಲ. ನೇರ ಉರಿಯಲ್ಲಿಟ್ಟರೆ 200 ಡಿಗ್ರಿಯ ಸುಮಾರಿಗೆ ಅದರ ಆವಿಗೆ ಬೆಂಕಿ ಹತ್ತಿಕೊಳ್ಳಬಹುದು. ಅಂಥ ಬೆಂಕಿಗೆ ನೀರು ಎರಚಿದರೆ ಉರಿಯುವ ಮೇಣ ಸುತ್ತಲೂ ಸಿಡಿಯುತ್ತದೆ. ಗ್ಯಾಸ್ ಆರಿಸಿ, ಪಾತ್ರೆಗೆ ಮುಚ್ಚಳ ಹಾಕಿ. ಮುಚ್ಚಳವನ್ನು ಮೊದಲೇ ಪಕ್ಕದಲ್ಲಿ ಇಟ್ಟುಕೊಳ್ಳುವುದು ಜಾಣತನ.

ಪರಿಮಳದ ವಿಷಯದಲ್ಲೇ ಹೆಚ್ಚಿನವರು ಎಡವುತ್ತಾರೆ. ಮಲ್ಲಿಗೆ ನಮ್ಮ ಹೆಮ್ಮೆ ನಿಜ, ಆದರೆ ಹೂವನ್ನೇ ಬಿಸಿ ಮೇಣಕ್ಕೆ ಹಾಕಿದರೆ ಅದು ಕಂದು ಬಣ್ಣಕ್ಕೆ ತಿರುಗುವುದೇ ಹೊರತು ಪರಿಮಳ ಬರದು. ಮೈಗೆ ಹಾಕುವ ಸೆಂಟಿನಲ್ಲಿ ಆಲ್ಕೊಹಾಲ್ ಇರುವುದರಿಂದ ಅದು ಅಪಾಯ. ಕೇಕಿನ ಎಸೆನ್ಸ್ ಮೇಣದೊಂದಿಗೆ ಬೆರೆಯುವುದೇ ಇಲ್ಲ. ಮೇಣದ ಬತ್ತಿಗೆಂದೇ ಮಾರುವ ಸುಗಂಧ ತೈಲ ತನ್ನಿ, ಲವಂಗದೆಣ್ಣೆ ಅಥವಾ ಲೆಮನ್ ಗ್ರಾಸ್ ಎಣ್ಣೆಯೂ ಆದೀತು. ಒಂದು ಕಿಲೋ ಮೇಣಕ್ಕೆ 60 ಗ್ರಾಂ ಧಾರಾಳ ಸಾಕು. ಹೆಚ್ಚು ಹಾಕಿದರೆ ಎಣ್ಣೆ ಮೇಲೆ ಒಸರಿ, ಬತ್ತಿ ಹೊಗೆಯಾಡುತ್ತದೆ. ಅಸ್ತಮಾ ಇರುವವರ ಮನೆಗೆ ಮತ್ತು ಹಸುಗೂಸು ಇರುವ ಮನೆಗೆ ಪರಿಮಳವಿಲ್ಲದ ಬತ್ತಿಯನ್ನೇ ಕೊಡಿ.

ಹತ್ತಿನೂಲಿನ ಹೆಣೆದ ದಾರವನ್ನು ಮೊದಲು ಕರಗಿದ ಮೇಣದಲ್ಲಿ ಅದ್ದಿ ನೆಟ್ಟಗೆ ಒಣಗಿಸಿ. ಅದರ ಬುಡವನ್ನು ಗ್ಲಾಸಿನ ನಡುವೆ ಅಂಟಿಸಿ, ಮೇಲ್ತುದಿಯನ್ನು ಎರಡು ಹಿಡಿಕಡ್ಡಿಗಳ ನಡುವೆ ಸಿಕ್ಕಿಸಿ ನಿಲ್ಲಿಸಬೇಕು. ಮೇಣ 75ರಿಂದ 80 ಡಿಗ್ರಿಗೆ ಬಂದಾಗ ಒಲೆಯಿಂದ ಇಳಿಸಿ ತೈಲ ಹಾಕಿ, ಎರಡು ನಿಮಿಷ ಕಲಕಿ, ಸ್ವಲ್ಪ ಆರಿದ ಮೇಲೆ ನಿಧಾನವಾಗಿ ಹೊಯ್ಯಿರಿ. (ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಒಡೆದೇ ಹೋಗುತ್ತದೆ. ಅಡುಗೆಯದ್ದೇ ಬೇಕು.) ಆರುವಾಗ ಮೇಣ ಕುಗ್ಗಿ ದಾರದ ಸುತ್ತ ಗುಳಿ ಬೀಳುತ್ತದೆ. ಅದಕ್ಕಾಗಿ ಸ್ವಲ್ಪ ಮೇಣ ಉಳಿಸಿಕೊಂಡು ಮತ್ತೆ ತುಂಬಿಸಬೇಕು. ಎರಡು ದಿನ ಮುಟ್ಟದೆ ಇಡಿ.

ಹಂಚುವ ಮೊದಲು ಒಂದನ್ನು ನಿಮ್ಮ ಮನೆಯಲ್ಲೇ ಪೂರ್ತಿ ಉರಿಸಿ ನೋಡಿ. ನಡುವೆ ಮಾತ್ರ ಬಾವಿಯಂತೆ ಕೊರೆದರೆ ದಾರ ತೆಳುವಾಯಿತು, ಗಾಜು ಕಪ್ಪಾದರೆ ದಪ್ಪವಾಯಿತು ಎಂದರ್ಥ. ಅಲಂಕಾರಕ್ಕೆಂದು ಒಣ ಹೂ, ದಾಲ್ಚಿನ್ನಿ ಚಕ್ಕೆಗಳನ್ನು ಮೇಣದ ಮೇಲೆ ಹಾಕಬೇಡಿ, ಅವೂ ಹೊತ್ತಿಕೊಳ್ಳುತ್ತವೆ. ಉಡುಗೊರೆಯ ಜೊತೆ ಒಂದು ಚೀಟಿ ಇರಲಿ: ದಾರವನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿ ಹಚ್ಚಿ, ಪರದೆಯಿಂದಲೂ ಮಕ್ಕಳಿಂದಲೂ ದೂರವಿಡಿ, ಮಲಗುವ ಮುನ್ನ ಆರಿಸಿ. ಗೋದಲಿಯ ಒಳಗಂತೂ ಇಡಲೇಬಾರದು. ಅಲ್ಲಿರುವುದು ಬೈಹುಲ್ಲು, ಕಾಗದ. ಅದಕ್ಕೆ ಬಲ್ಬಿನ ಸರವೇ ಸರಿ.

ಚರ್ಚಿನ ಕೆಲಸ ನೋಡಿಕೊಳ್ಳುವವರಿಗೆ ಒಂದು ಮಾತು. ಉಳಿದ ಮೇಣದ ತುಂಡುಗಳು ಕಂಡಾಗ ಕರಗಿಸೋಣ ಎನಿಸುವುದು ಸಹಜ. ಆದರೆ ಫೆಬ್ರವರಿ 2ರ ಹಬ್ಬದಂದು ಆಶೀರ್ವದಿಸಿದ ಬತ್ತಿಗಳ ತುಂಡುಗಳನ್ನು ಇದಕ್ಕೆ ಬಳಸಬೇಡಿ. ಆಶೀರ್ವದಿಸಿದ ವಸ್ತುಗಳನ್ನು ಸುಡುವುದು ಅಥವಾ ಮಣ್ಣಿನಲ್ಲಿ ಹೂಳುವುದು ರೂಢಿ.

ಪಾತ್ರೆಯಲ್ಲಿ ಉಳಿದ ಮೇಣವನ್ನು ಸಿಂಕಿಗೆ ಸುರಿದರೆ ಪೈಪು ಕಟ್ಟುತ್ತದೆ. ಬೆಚ್ಚಗಿರುವಾಗಲೇ ಹಳೆಯ ಪತ್ರಿಕೆಯಿಂದ ಒರೆಸಿಬಿಡಿ. ಆ ಕಾಗದ ಮರುದಿನ ಬಚ್ಚಲ ಒಲೆ ಹೊತ್ತಿಸಲು ಬರುತ್ತದೆ.