ಕ್ಷಯರೋಗವೂ ನಮ್ಮ ರಕ್ತವೂ



ಕ್ಷಯವೆಂದೊಡನೆ ನಮಗೆ ನೆನಪಾಗುವುದು ಕೆಮ್ಮು ಮತ್ತು ಶ್ವಾಸಕೋಶ. ಆದರೆ ಈ ರೋಗವು ಬಹುಕಾಲ ನೆಲೆಸಿದರೆ ಅದರ ಪರಿಣಾಮವು ಎಲುಬಿನ ಒಳಗಿನ ಮಜ್ಜೆಯವರೆಗೂ ಮುಟ್ಟುವುದುಂಟು. ಕಳೆದ ವರ್ಷ ನಮ್ಮ ತರಗತಿಯ ಬಾಲಕನೊಬ್ಬನು ಈ ಬೇನೆಯಿಂದ ಕೆಲವು ತಿಂಗಳು ಶಾಲೆಗೆ ಬರಲಿಲ್ಲ. ಮರಳಿ ಬಂದಾಗ ಅವನ ಮೋರೆ ಬಿಳಿಚಿಕೊಂಡಿತ್ತು. ಮೆಟ್ಟಲೇರುವಾಗ ಏದುಸಿರು ಬಿಡುತ್ತಿದ್ದನು. “ಕೆಮ್ಮು ನಿಂತಿತಲ್ಲ ಸರ್, ಶಕ್ತಿಯೇಕೆ ಇನ್ನೂ ಬಂದಿಲ್ಲ?” ಎಂದು ಕೇಳಿದನು. ಅವನ ಪ್ರಶ್ನೆಗೆ ಉತ್ತರವೇ ಈ ಲೇಖನ.

ರಕ್ತದ ಕಣಗಳೆಲ್ಲ ಹುಟ್ಟುವುದು ಅಸ್ಥಿಮಜ್ಜೆಯಲ್ಲಿ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ ಮಾತ್ರ. ಸತ್ತವುಗಳ ಸ್ಥಾನವನ್ನು ತುಂಬಲು ವಯಸ್ಕರ ಮಜ್ಜೆಯು ದಿನವೊಂದಕ್ಕೆ ಸುಮಾರು 20,000 ಕೋಟಿ ಹೊಸ ಕೆಂಪು ಕಣಗಳನ್ನು ಸಿದ್ಧಪಡಿಸುತ್ತದೆ. ಇದಕ್ಕೆ ಕಬ್ಬಿಣದ ಅಂಶ ಅತ್ಯವಶ್ಯ.

ಕ್ಷಯದ ರೋಗಾಣುವನ್ನು ಕಂಡುಹಿಡಿದುದಾಗಿ ರಾಬರ್ಟ್ ಕಾಕ್ ಎಂಬ ವಿಜ್ಞಾನಿಯು 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಸಾರಿದನು. ಈ ಅಣುವು ಬಲು ಕಪಟಿ. ಶತ್ರುವನ್ನು ನುಂಗಿ ಕೊಲ್ಲಬೇಕಾದ ಭಕ್ಷಕ ಕಣದ ಹೊಟ್ಟೆಯಲ್ಲಿಯೇ ಇದು ಮನೆಮಾಡುತ್ತದೆ. ಉಳಿದ ಬಿಳಿ ಕಣಗಳು ಸುತ್ತ ನೆರೆದು ಕೋಟೆ ಕಟ್ಟಿ ಅದನ್ನು ಸೆರೆಯಲ್ಲಿಡುತ್ತವೆ. ಆದಕಾರಣವೇ ಸೋಂಕು ತಗಲಿದ 100 ಜನರಲ್ಲಿ ಸುಮಾರು 5ರಿಂದ 10 ಜನರಿಗೆ ಮಾತ್ರ ರೋಗ ಬರುತ್ತದೆ.

ಕೋಟೆ ಒಡೆದು ರೋಗವು ಬಲಿತರೆ ದೇಹವು ಇನ್ನೊಂದು ಉಪಾಯ ಹೂಡುತ್ತದೆ. ರೋಗಾಣುವಿಗೂ ಕಬ್ಬಿಣ ಬೇಕಷ್ಟೆ? ದಂಡು ಬಂದಾಗ ರೈತನು ಹಗೇವಿನ ಬಾಯಿ ಮುಚ್ಚುವಂತೆ, ಯಕೃತ್ತು ಹೆಪ್ಸಿಡಿನ್ ಎಂಬ ರಸವನ್ನು ಹೆಚ್ಚಾಗಿ ಸ್ರವಿಸಿ ಕಬ್ಬಿಣವನ್ನು ಭಕ್ಷಕ ಕಣಗಳೊಳಗೆ ಬಂಧಿಸುತ್ತದೆ. ಕರುಳು ಅದನ್ನು ಹೀರುವುದೂ ಕಡಿಮೆಯಾಗುತ್ತದೆ. ಆದರೆ ಕಳ್ಳನು ಹಗೇವಿನೊಳಗೇ ಕುಳಿತಿದ್ದಾನೆ! ಉಪವಾಸ ಬೀಳುವುದು ಮಜ್ಜೆ. ಕೆಂಪು ಕಣಗಳು ಕುಗ್ಗಿ ರಕ್ತಹೀನತೆ ಬರುತ್ತದೆ. ನಮ್ಮ ಬಾಲಕನ ಏದುಸಿರಿಗೆ ಇದೂ ಒಂದು ಕಾರಣ.

ಬಿಳಿ ಕಣಗಳ ಲೆಕ್ಕವೂ ತಪ್ಪುತ್ತದೆ. ಒಂದು ಬಗೆಯವು ಹೆಚ್ಚುತ್ತವೆ. ರೋಗಾಣುವನ್ನು ಗುರುತಿಸಿ ಹೋರಾಡಬೇಕಾದ ಲಿಂಫ್ ಕಣಗಳು ಎಷ್ಟೋ ರೋಗಿಗಳಲ್ಲಿ ಕಡಿಮೆಯಾಗಿ ದಣಿಯುತ್ತವೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಒಂದು ಸೋಜಿಗ ಕಂಡುಬಂದಿದೆ. ಮಜ್ಜೆಯನ್ನು ತಲಪಿದ ಬಿ.ಸಿ.ಜಿ. ಲಸಿಕೆಯು ಅಲ್ಲಿಯ ಮೂಲಕಣಗಳಿಗೆ ಯುದ್ಧದ ತರಬೇತಿ ಕೊಡುತ್ತದೆಂದು 2018ರಲ್ಲಿಯೂ, ನಿಜವಾದ ಕ್ಷಯಾಣುವು ಅದೇ ತರಬೇತಿಯನ್ನು ಕೆಡಿಸುತ್ತದೆಂದು 2020ರಲ್ಲಿಯೂ ಪ್ರಕಟವಾಯಿತು.

ಇದಕ್ಕೆ ಪರಿಹಾರವೇನು? ಬರಿಯ ಟಾನಿಕ್ಕಿನಿಂದ ಕಾರ್ಯವಾಗದು. ಕಬ್ಬಿಣದ ಗುಳಿಗೆಯನ್ನೂ ವೈದ್ಯರ ಮಾತಿನಂತೆಯೇ ಸೇವಿಸತಕ್ಕದ್ದು. ರೋಗಾಣು ಅಳಿದಂತೆ ಹಗೇವಿನ ಬಾಯಿ ತೆರೆಯುತ್ತದೆ, ರಕ್ತವು ಮೆಲ್ಲಮೆಲ್ಲನೆ ಸುಧಾರಿಸುತ್ತದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧವುಂಟು; ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಕೆಮ್ಮು ನಿಂತಿತೆಂದು ನಡುವೆ ಬಿಟ್ಟರೆ ರೋಗಾಣುವು ಔಷಧಕ್ಕೂ ಮಣಿಯದಂತಾದೀತು. ಎರಡು ವಾರ ಮೀರಿದ ಕೆಮ್ಮನ್ನು ಯಾರೂ ಬಚ್ಚಿಡಬಾರದು.

ಕೊನೆಯದಾಗಿ ಒಂದು ಮಾತು. ವೈದ್ಯರ ಒಪ್ಪಿಗೆ ಪಡೆದು ಬಂದಿದ್ದರೂ ಆ ಬಾಲಕನ ಬೆಂಚಿನಿಂದ ಇಬ್ಬರು ಎದ್ದು ಹೋದರು. ನಾವೂ ಅಂದು ಸುಮ್ಮನಿದ್ದೆವು. ಅದು ನಮ್ಮ ತಪ್ಪು. ಮನೆಯಲ್ಲಿಯೇ ಇದ್ದು ಔಷಧ ಸೇವಿಸಿದವರೂ ಆರೋಗ್ಯಧಾಮದವರಂತೆಯೇ ಗುಣಹೊಂದುತ್ತಾರೆಂದು ಮದರಾಸಿನ ಅಧ್ಯಯನವು 1959ರಷ್ಟು ಹಿಂದೆಯೇ ತೋರಿಸಿತ್ತು. ಸರಿಯಾಗಿ ಔಷಧ ಸೇವಿಸಿ, ವೈದ್ಯರಿಂದ ಒಪ್ಪಿಗೆ ಪಡೆದು ಬಂದವನ ಬಳಿ ಕೂಡುವುದರಿಂದ ರೋಗ ಬಾರದು. ಅವನ ರಕ್ತವನ್ನು ಔಷಧ, ಅನ್ನಗಳು ತುಂಬಿಕೊಟ್ಟಾವು. ಧೈರ್ಯವನ್ನು ತುಂಬಬೇಕಾದವರು ನಾವು.